ಫೇಸ್ ಎಣಿಸುವ ಮೊದಲು: ಮದರ್‌ಬೋರ್ಡ್‌ನ ವಿದ್ಯುತ್ ಪೂರೈಕೆ ಅರಿತು ಓವರ್‌ಕ್ಲಾಕ್ ಮಾಡುವ ಬಗೆ

“ಮದರ್‌ಬೋರ್ಡ್‌ನ ಪೆಟ್ಟಿಗೆಯ ಮೇಲೆ 12 ಫೇಸ್ ಎಂದು ಬರೆದಿದೆ. ಆದರೂ ಪ್ರೊಸೆಸರ್‌ನ ವೇಗ ಸ್ವಲ್ಪ ಏರಿಸಿದರೆ ಸಾಕು, ಕಾಲು ಗಂಟೆಯೊಳಗೆ ಕಂಪ್ಯೂಟರ್ ನಿಂತುಬಿಡುತ್ತದೆ. ಪ್ರೊಸೆಸರ್ ಬದಲಿಸಬೇಕೆ?” ಮಾತು ಬೇರೆ ಬೇರೆಯಾದರೂ ಓದುಗರು ನನ್ನನ್ನು ಹೆಚ್ಚಾಗಿ ಕೇಳುವುದು ಇದೇ ಪ್ರಶ್ನೆಯನ್ನು. ಕೆಲವರು ಕೇಳುವ ಹೊತ್ತಿಗೆ ರ್‍ಯಾಮ್ ಬದಲಿಸಿ, ಕೂಲರ್ ಬದಲಿಸಿ, ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿ ಮುಗಿಸಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಇಂಥ ಬಹಳಷ್ಟು ಪ್ರಕರಣಗಳಲ್ಲಿ ಜ್ವರ ಇರುವುದು ಪ್ರೊಸೆಸರ್ ಪಕ್ಕದಲ್ಲಿ, ಶಾಖ ಚೆಲ್ಲುವ ಲೋಹದ ಹೀಟ್‌ಸಿಂಕ್‌ನ ಅಡಿಯಲ್ಲಿ ಅಡಗಿರುವ ವಿದ್ಯುತ್ ಪೂರೈಕೆಯ ಭಾಗಕ್ಕೆ.

ಆ ಭಾಗಕ್ಕೆ ವಿಆರ್‌ಎಂ ಎಂದು ಹೆಸರು. ವೋಲ್ಟೇಜನ್ನು ಹದಕ್ಕೆ ತಂದು ಪ್ರೊಸೆಸರ್‌ಗೆ ಒದಗಿಸುವ ಘಟಕ ಅದು. ಆ ಕೆಲಸವನ್ನು ಹಂಚಿಕೊಳ್ಳುವ ಅದರ ಒಂದೊಂದು ಭಾಗವೇ ಫೇಸ್. ಅದು ಹೇಗೆ ಕೆಲಸ ಮಾಡುತ್ತದೆ, ನಿಮ್ಮ ಬೋರ್ಡ್‌ನದು ಎಷ್ಟು ತಾಳುತ್ತದೆ, ಅದನ್ನು ಅಳೆದುಕೊಂಡು ಪ್ರೊಸೆಸರ್‌ನ ವೇಗವನ್ನು ನಿಗದಿತ ಮಿತಿಗಿಂತ ಎಲ್ಲಿಯವರೆಗೆ ಏರಿಸಬಹುದು, ಅಂದರೆ ಓವರ್‌ಕ್ಲಾಕ್ ಮಾಡಬಹುದು ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ವಿವರಿಸುತ್ತೇನೆ.

ಮೊದಲು ತಿಳಿದಿರಬೇಕಾದದ್ದು

ಪವರ್ ಸಪ್ಲೈ ಮದರ್‌ಬೋರ್ಡ್‌ಗೆ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾಗಿರುವುದು ಹೆಚ್ಚುಕಡಿಮೆ 1ರಿಂದ 1.4 ವೋಲ್ಟ್. ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟ್‌ಗೆ ಬೇಕಾಗುವ ಕರೆಂಟ್ ಏರುತ್ತದೆ. 1.2 ವೋಲ್ಟ್‌ನಲ್ಲಿ 200 ವ್ಯಾಟ್ ಬಳಸುವ ಪ್ರೊಸೆಸರ್‌ನೊಳಕ್ಕೆ ಹರಿಯುವುದು ಸುಮಾರು 167 ಆಂಪಿಯರ್. ಬಚ್ಚಲುಮನೆಯ 2000 ವ್ಯಾಟ್ ಗೀಸರ್ ಎಳೆಯುವುದು 9 ಆಂಪಿಯರ್‌ಗಿಂತ ಕಡಿಮೆ ಎಂಬುದನ್ನು ನೆನೆದರೆ, ಬೆರಳಗಲದ ಆ ಜಾಗ ಹೊರುತ್ತಿರುವ ಭಾರ ಅರ್ಥವಾಗುತ್ತದೆ.

ಈ ಇಳಿಕೆ ನಡೆಯುವುದು ಸ್ವಿಚ್‌ಗಳ ಮೂಲಕ. ಪ್ರತಿ ಫೇಸ್‌ನಲ್ಲಿಯೂ ಎರಡು ಮಾಸ್‌ಫೆಟ್‌ಗಳಿರುತ್ತವೆ. ಮಾಸ್‌ಫೆಟ್ ಎಂದರೆ ಅತಿ ವೇಗವಾಗಿ ತೆರೆದು ಮುಚ್ಚುವ ಟ್ರಾನ್ಸಿಸ್ಟರ್ ಸ್ವಿಚ್. ಮೇಲಿನದು 12 ವೋಲ್ಟ್‌ಗೆ ಬಾಗಿಲು ತೆರೆಯುತ್ತದೆ, ಅದು ಮುಚ್ಚಿದಾಗ ಕೆಳಗಿನದು ತೆರೆದು ಕರೆಂಟಿನ ಹಾದಿಯನ್ನು ಪೂರ್ಣಗೊಳಿಸುತ್ತದೆ. ಸೆಕೆಂಡಿಗೆ 5 ಲಕ್ಷ ಸಲ ಇದು ನಡೆಯುತ್ತದೆ ಎಂದುಕೊಳ್ಳಿ. 12 ವೋಲ್ಟನ್ನು 1.2ಕ್ಕೆ ಇಳಿಸಲು ಮೇಲಿನ ಸ್ವಿಚ್ ಪ್ರತಿ ಸುತ್ತಿನ ಹತ್ತನೇ ಒಂದು ಪಾಲು ಮಾತ್ರ ತೆರೆದಿರುತ್ತದೆ. ಉಳಿದ ಒಂಬತ್ತು ಪಾಲು ಹೊರುವುದು ಕೆಳಗಿನ ಸ್ವಿಚ್.

ಹೀಗೆ ಬಿಟ್ಟು ಬಿಟ್ಟು ಬರುವ ವಿದ್ಯುತ್ತನ್ನು ಸಮ ಮಾಡುವುದು ಚೋಕ್, ಅಂದರೆ ತಂತಿಯ ಸುರುಳಿ. ಅದರ ಗುಣ ಬೀಸುವ ಕಲ್ಲಿನದು. ಕಲ್ಲು ತಟ್ಟನೆ ತಿರುಗಲಾರದು, ತಿರುಗತೊಡಗಿದ ಮೇಲೆ ತಟ್ಟನೆ ನಿಲ್ಲಲಾರದು. ಚೋಕ್‌ನೊಳಗಿನ ಕರೆಂಟ್ ಕೂಡ ಹಾಗೆಯೇ. ಅದರಾಚೆ ಇರುವ ಕೆಪಾಸಿಟರ್‌ಗಳು ನೀರಿನ ತೊಟ್ಟಿಯ ಕೆಲಸ ಮಾಡುತ್ತವೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ಕೇಳಿದಾಗ ಮೊದಲು ಕೊಡುವುದು ಈ ತೊಟ್ಟಿ. ಬೀಸುಕಲ್ಲು ಮತ್ತು ತೊಟ್ಟಿ, ಇವೆರಡನ್ನೂ ನೆನಪಿಟ್ಟುಕೊಳ್ಳಿ. ಐದನೆಯ ಹೆಜ್ಜೆ ಪೂರ್ತಿ ನಿಂತಿರುವುದು ಇವುಗಳ ಮೇಲೆ.

ಫೇಸ್ ಎಂದೊಡನೆ ಪಂಪ್‌ಸೆಟ್ಟಿನ ತ್ರೀ ಫೇಸ್ ನೆನಪಾಗಬಹುದು. ಅದು ಬೇರೆ, ಇದು ಬೇರೆ. ಆದರೆ ಸರದಿಯ ತತ್ತ್ವ ಎರಡಕ್ಕೂ ಒಂದೇ. ಬಾವಿಯಿಂದ ಒಬ್ಬನೇ ನೀರು ಸೇದಿ ತೊಟ್ಟಿಗೆ ಸುರಿದರೆ ಒಂದು ಕೊಡಕ್ಕೂ ಇನ್ನೊಂದಕ್ಕೂ ನಡುವೆ ತೊಟ್ಟಿಯ ಮಟ್ಟ ಇಳಿಯುತ್ತದೆ. ಎಂಟು ಜನ ಸರದಿಯಲ್ಲಿ ಸುರಿದರೆ ಮಟ್ಟ ಹೆಚ್ಚು ಅಲುಗಾಡುವುದಿಲ್ಲ, ಯಾರಿಗೂ ರಟ್ಟೆ ನೋಯುವುದಿಲ್ಲ. ಸರದಿಯನ್ನು ನಿಯಂತ್ರಿಸುವ ಚಿಪ್‌ಗೆ ಪಿಡಬ್ಲ್ಯುಎಂ ಕಂಟ್ರೋಲರ್ ಎನ್ನುತ್ತಾರೆ.

ರಟ್ಟೆ ನೋವಿನ ಲೆಕ್ಕ ಸಣ್ಣದಲ್ಲ. ಕರೆಂಟಿನಿಂದ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 120 ಆಂಪಿಯರನ್ನು 4 ಫೇಸ್‌ಗಳಿಗೆ ಹಂಚಿದರೆ ಒಂದಕ್ಕೆ 30. ಪ್ರತಿ ಫೇಸ್‌ನ ರೋಧ 3 ಮಿಲಿಓಮ್ ಎಂದಾದರೆ ಒಂದೊಂದರಲ್ಲಿ 2.7 ವ್ಯಾಟ್, ಒಟ್ಟು 10.8 ವ್ಯಾಟ್ ಶಾಖ. ಅದೇ ಬಗೆಯ 8 ಫೇಸ್‌ಗಳಿಗೆ ಹಂಚಿದರೆ ಒಂದಕ್ಕೆ 15 ಆಂಪಿಯರ್; ಒಟ್ಟು ಶಾಖ 5.4 ವ್ಯಾಟ್. ಅಷ್ಟೇ ಕೆಲಸಕ್ಕೆ ಅರ್ಧ ಶಾಖ. ಮಾಸ್‌ಫೆಟ್ ಬಿಸಿಯಾದಷ್ಟೂ ಅದರ ರೋಧ ಇನ್ನೂ ಏರುವುದರಿಂದ, ಕಾದ ವಿಆರ್‌ಎಂ ತನ್ನ ಕಾವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ.

ಬೇಕಾಗುವ ಸಾಮಗ್ರಿ

ಉಚಿತವಾಗಿ ಸಿಗುವ ತಂತ್ರಾಂಶಗಳು (ಉಷ್ಣಾಂಶ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೋ64, ಪ್ರೊಸೆಸರ್ ಮೇಲೆ ಭಾರ ಹೇರಿ ಪರೀಕ್ಷಿಸುವ ಸಿನೆಬೆಂಚ್ ಮತ್ತು ಓಸಿಸಿಟಿ), ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋಗದಂತೆ ಒಂದು ಯುಪಿಎಸ್, ಬರೆದುಕೊಳ್ಳಲು ಕಾಗದ. ಬಯೋಸ್ ಎಂದರೆ ಕಂಪ್ಯೂಟರ್ ಶುರುವಾಗುವಾಗ ಬೋರ್ಡನ್ನು ಸಜ್ಜುಗೊಳಿಸುವ ಮೂಲ ತಂತ್ರಾಂಶ. ಅದನ್ನು ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಎದ್ದೇಳದೆ ಹೋಗಬಹುದು. ಯುಪಿಎಸ್ ಇಲ್ಲದಿದ್ದರೆ ಆ ಕೆಲಸವನ್ನು ಮುಂದೂಡಿ.

ಇನ್ನೊಂದು ಮಾತು. ಇಂಟೆಲ್‌ನಲ್ಲಿ ಗುಣಕ (ಮೂಲ ಗಡಿಯಾರದ ವೇಗವನ್ನು ಎಷ್ಟು ಪಟ್ಟು ಮಾಡಬೇಕೆಂಬ ಸಂಖ್ಯೆ) ಏರಿಸಿ ಓವರ್‌ಕ್ಲಾಕ್ ಮಾಡಲು ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್ ಮತ್ತು ‘ಝಡ್’ ಸರಣಿಯ ಬೋರ್ಡ್ ಬೇಕು. ಎಎಂಡಿ ರೈಜನ್‌ಗೆ ‘ಬಿ’ ಅಥವಾ ‘ಎಕ್ಸ್’ ಸರಣಿಯ ಬೋರ್ಡ್ ಬಹುಮಟ್ಟಿಗೆ ಸಾಕು, ಎ320, ಎ520 ಮತ್ತು ಬಿ840ರಲ್ಲಿ ಆಗುವುದಿಲ್ಲ. ನಿಗದಿತ ಮಿತಿ ಮೀರಿ ಓಡಿಸಿದ್ದರಿಂದ ಆದ ಹಾನಿಗೆ ಎರಡೂ ಕಂಪನಿಗಳು ವಾರಂಟಿ ಕೊಡುವುದಿಲ್ಲ. ಇದನ್ನು ತಿಳಿದೇ ಮುಂದುವರಿಯಿರಿ.

ಹೆಜ್ಜೆ 1: ಪ್ರೊಸೆಸರ್‌ನ ಹಸಿವು ಎಷ್ಟೆಂದು ತಿಳಿಯಿರಿ

ಪ್ರೊಸೆಸರ್ ಪೆಟ್ಟಿಗೆಯ ಮೇಲಿನ ಟಿಡಿಪಿ (ತಯಾರಕರು ಕೊಡುವ ವ್ಯಾಟ್ ಅಂಕಿ) ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಬೇಡಿ. ರೈಜನ್ 9 5950ಎಕ್ಸ್ ಪ್ರೊಸೆಸರ್‌ನ ಟಿಡಿಪಿ 105 ವ್ಯಾಟ್, ಆದರೆ ಪ್ರೊಸೆಸರ್ ಕೂರುವ ಸಾಕೆಟ್ ಮೂಲಕ ಅದು ಎಳೆಯಬಹುದಾದ ಮಿತಿ 142 ವ್ಯಾಟ್. ಎಎಂಡಿ ಇದನ್ನು ಪಿಪಿಟಿ ಎನ್ನುತ್ತದೆ. ಜೊತೆಗೆ ಇನ್ನೆರಡು ಮಿತಿಗಳಿವೆ: ಟಿಡಿಸಿ, ಅಂದರೆ ದೀರ್ಘಕಾಲ ಎಳೆಯಬಹುದಾದ ಕರೆಂಟ್, 95 ಆಂಪಿಯರ್, ಇಡಿಸಿ, ಅಂದರೆ ಕ್ಷಣಕಾಲ ಎಳೆಯಬಹುದಾದದ್ದು, 140 ಆಂಪಿಯರ್. 65 ವ್ಯಾಟ್ ವರ್ಗದ ಎಎಂ4 ಸಾಕೆಟ್ಟಿನ ರೈಜನ್‌ಗಳಿಗೆ ಇವು 88 ವ್ಯಾಟ್, 60 ಮತ್ತು 90 ಆಂಪಿಯರ್. ಎಎಂ5 ಸಾಕೆಟ್ಟಿನ ರೈಜನ್ 9 7950ಎಕ್ಸ್‌ಗೆ 230 ವ್ಯಾಟ್, 160 ಮತ್ತು 225 ಆಂಪಿಯರ್. ಇಂಟೆಲ್‌ನ ಕೋರ್ ಐ9-13900ಕೆ ಪ್ರೊಸೆಸರ್‌ನ ಮೂಲ ಅಂಕಿ 125 ವ್ಯಾಟ್ ಆದರೂ ಟರ್ಬೊ ಮಿತಿ 253 ವ್ಯಾಟ್.

ಇವೆಲ್ಲ ಓವರ್‌ಕ್ಲಾಕ್ ಮಾಡುವ ಮೊದಲಿನ ಅಂಕಿಗಳು. ವೇಗ ಏರಿಸಿದಾಗ ಏನಾಗುತ್ತದೆ ನೋಡಿ. ಪ್ರೊಸೆಸರ್‌ನ ವಿದ್ಯುತ್ ಬಳಕೆ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗವನ್ನು ನೂರಕ್ಕೆ 5ರಷ್ಟು ಏರಿಸಲು ವೋಲ್ಟೇಜನ್ನು 1.20ರಿಂದ 1.32ಕ್ಕೆ ಏರಿಸಬೇಕಾಯಿತು ಎಂದುಕೊಳ್ಳಿ. ವ್ಯಾಟ್ ನೂರಕ್ಕೆ 27ರಷ್ಟು ಏರುತ್ತದೆ. ಕರೆಂಟ್ ನೂರಕ್ಕೆ 15ಕ್ಕೂ ಸ್ವಲ್ಪ ಹೆಚ್ಚು ಏರುತ್ತದೆ. ವಿಆರ್‌ಎಂನಲ್ಲಿ ರೋಧದಿಂದ ಹುಟ್ಟುವ ಶಾಖ ಅದರ ವರ್ಗ, ಅಂದರೆ ನೂರಕ್ಕೆ ಸುಮಾರು 33ರಷ್ಟು ಹೆಚ್ಚು. ಐದಕ್ಕೆ ಮೂವತ್ತಮೂರು. ಆಸೆಗೂ ಬೋರ್ಡ್‌ನ ಶಕ್ತಿಗೂ ಹೊಂದಿಕೆಯಾಗದೆ ಹೋಗುವುದು ಇಲ್ಲಿಯೇ.

ಹೆಜ್ಜೆ 2: ಬೋರ್ಡನ್ನು ಓದಿ

‘12+2’ ಎಂದು ಬರೆದಿದ್ದರೆ ಮೊದಲ ಸಂಖ್ಯೆ ಪ್ರೊಸೆಸರ್‌ನ ಕೋರ್‌ಗಳಿಗೆ. ಎರಡನೆಯದು ಮೆಮೊರಿ ಕಂಟ್ರೋಲರ್, ಒಳಗಿನ ಗ್ರಾಫಿಕ್ಸ್ ಮುಂತಾದ ಭಾಗಗಳಿಗೆ. ಓವರ್‌ಕ್ಲಾಕಿಂಗ್‌ಗೆ ಮುಖ್ಯವಾದದ್ದು ಮೊದಲನೆಯದು.

ಆದರೆ ಆ ಹನ್ನೆರಡೂ ಪ್ರತ್ಯೇಕ ಸರದಿಯವೇ ಎಂಬುದನ್ನು ನೋಡಬೇಕು. ಕಂಟ್ರೋಲರ್ ನಿಭಾಯಿಸುವುದು ಆರು ಸರದಿಯನ್ನು ಮಾತ್ರವಾಗಿದ್ದು, ಪ್ರತಿ ಸರದಿಗೆ ಎರಡು ಜೊತೆ ಬಿಡಿಭಾಗಗಳನ್ನು ಒಟ್ಟಿಗೆ ಕಟ್ಟಿರಬಹುದು. ಅಥವಾ ಡಬ್ಲರ್ ಎಂಬ ಚಿಪ್ ಬಳಸಿ ಒಂದು ಸಂಕೇತವನ್ನು ಎರಡಾಗಿ ಹಂಚಿರಬಹುದು. ಇದನ್ನು ‘ನಕಲಿ ಫೇಸ್’ ಎಂದು ಕರೆದು ಹೆದರಿಸುವವರಿದ್ದಾರೆ. ಈ ಹೆದರಿಕೆಯಲ್ಲಿ ಹುರುಳಿಲ್ಲ. ಜೋಡಿ ಕಟ್ಟಿದರೂ ಕರೆಂಟ್ ಹಂಚಿಹೋಗುತ್ತದೆ, ಶಾಖ ಇಳಿಯುತ್ತದೆ. ಕಡಿಮೆಯಾಗುವುದು ಸರದಿಯ ನುಣುಪು ಮಾತ್ರ. ಎಂಟು ಕಳಪೆ ಫೇಸ್‌ಗಳಿಗಿಂತ ಆರು ಉತ್ತಮ ಫೇಸ್‌ಗಳು ಮೇಲು. ಹಾಗಾದರೆ ಉತ್ತಮ ಎಂದರೆ ಏನು?

ಅಗ್ಗದ ಬೋರ್ಡ್‌ಗಳಲ್ಲಿ ಮೇಲಿನ ಸ್ವಿಚ್, ಕೆಳಗಿನ ಸ್ವಿಚ್, ಅವನ್ನು ಓಡಿಸುವ ಡ್ರೈವರ್ ಎಲ್ಲವೂ ಬಿಡಿಬಿಡಿಯಾಗಿರುತ್ತವೆ. ಉತ್ತಮ ಬೋರ್ಡ್‌ಗಳಲ್ಲಿ ಮೂರೂ ಒಂದೇ ಚಿಪ್‌ನಲ್ಲಿ ಅಡಕವಾಗಿರುತ್ತವೆ. ಇದಕ್ಕೆ ಡಾಕ್ಟರ್‌ಮಾಸ್ (DrMOS) ಅಥವಾ ಪವರ್ ಸ್ಟೇಜ್ ಎಂದು ಹೆಸರು. ಸ್ಮಾರ್ಟ್ ಪವರ್ ಸ್ಟೇಜ್ ಎಂಬುದು ತನ್ನ ಕರೆಂಟ್ ಮತ್ತು ಉಷ್ಣಾಂಶವನ್ನು ಕಂಟ್ರೋಲರ್‌ಗೆ ತಾನೇ ತಿಳಿಸುತ್ತದೆ. ಕೊಳ್ಳುವಾಗ ಕಂಪನಿಯ ಜಾಲತಾಣದಲ್ಲಿ ಈ ಪದಗಳನ್ನು ಹುಡುಕಿ.

ಇಲ್ಲಿ ಬಹಳ ಜನ ಜಾರುವುದು ಗುಣಾಕಾರದಲ್ಲಿ. ‘60 ಆಂಪಿಯರ್ ಸ್ಟೇಜ್, ಹತ್ತು ಇವೆ, ಆದ್ದರಿಂದ 600 ಆಂಪಿಯರ್’ ಎನ್ನುತ್ತಾರೆ. ಆ 60 ಎಂಬ ಅಂಕಿ ತಂಪಾದ ಆದರ್ಶ ಸ್ಥಿತಿಯದು. ಒಂದು ಸ್ಟೇಜ್‌ನಿಂದ ಅದರ ಅಂಕಿಯ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಎಳೆದರೆ ನೆಮ್ಮದಿ ಎಂಬುದು ನಾನು ಪಾಲಿಸುವ ಲೆಕ್ಕ. ದೊಡ್ಡ ಅಂಕಿಯ ಸ್ಟೇಜ್‌ನ ಬೆಲೆ ಇರುವುದು ಅಷ್ಟು ಕರೆಂಟ್ ಕೊಡುವುದರಲ್ಲಲ್ಲ, ಕಡಿಮೆ ಕರೆಂಟನ್ನು ತಂಪಾಗಿ ಕೊಡುವುದರಲ್ಲಿ. 200 ವ್ಯಾಟ್ ಒದಗಿಸುವಾಗ ವಿಆರ್‌ಎಂನ ದಕ್ಷತೆ ನೂರಕ್ಕೆ 90 ಇದ್ದರೆ 22 ವ್ಯಾಟ್ ಶಾಖವಾಗಿ ಹೋಗುತ್ತದೆ, 94 ಇದ್ದರೆ ಸುಮಾರು 13 ವ್ಯಾಟ್.

ಕೊನೆಗೆ ಹೀಟ್‌ಸಿಂಕ್ ನೋಡಿ. ಹೊಳೆಯುವ ಕವಚ ಬೇರೆ, ಶಾಖ ಚೆಲ್ಲುವ ಲೋಹ ಬೇರೆ. ತೂಕವಿರಬೇಕು, ಗಾಳಿ ನುಸುಳುವ ಸೀಳುಗಳಿರಬೇಕು. 2017ರಲ್ಲಿ ಇಂಟೆಲ್‌ನ ಎಕ್ಸ್299 ಬೋರ್ಡ್‌ಗಳು ಬಂದಾಗ ಓವರ್‌ಕ್ಲಾಕ್ ಮಾಡುವವರು ಎತ್ತಿದ ದೊಡ್ಡ ದೂರು ಇದೇ ಆಗಿತ್ತು: ದುಬಾರಿ ಬೋರ್ಡ್, ಒಳಗೆ ಒಳ್ಳೆಯ ಬಿಡಿಭಾಗ, ಮೇಲೆ ಮಾತ್ರ ಶಾಖ ಹೊರಹಾಕದ ಲೋಹದ ದಿಮ್ಮಿ.

ಹೆಜ್ಜೆ 3: ಕೇಬಲ್ ಮತ್ತು ಗಾಳಿ

ಪ್ರೊಸೆಸರ್‌ಗೆ ವಿದ್ಯುತ್ ಬರುವುದು ಬೋರ್ಡ್‌ನ ಮೇಲ್ತುದಿಯ 8 ಪಿನ್ ಕನೆಕ್ಟರ್‌ನಿಂದ. ಅದರಲ್ಲಿ ನಾಲ್ಕು ಪಿನ್ 12 ವೋಲ್ಟ್‌ನವು. 250 ವ್ಯಾಟ್ ಎಳೆದರೆ ಒಟ್ಟು 21 ಆಂಪಿಯರ್, ಪ್ರತಿ ಪಿನ್‌ಗೆ 5ಕ್ಕೂ ಹೆಚ್ಚು. ಕನೆಕ್ಟರ್ ಪೂರ್ತಿ ಕುಳಿತು ಕ್ಲಿಪ್ ಬಿದ್ದಿರಬೇಕು. ಬೋರ್ಡ್‌ನಲ್ಲಿ ಎರಡನೆಯ ಕನೆಕ್ಟರ್ ಇದ್ದರೆ ಅದನ್ನೂ ಜೋಡಿಸಿ. ಗ್ರಾಫಿಕ್ಸ್ ಕಾರ್ಡ್‌ನ 8 ಪಿನ್ ಕೇಬಲ್ ನೋಡಲು ಹೀಗೆಯೇ ಇರುತ್ತದೆ, ಆದರೆ ಅದರ ಧನ–ಋಣ ಜೋಡಣೆ ತಲೆಕೆಳಗು. ಒತ್ತಿ ತುರುಕಬೇಡಿ. ಬೇರೆ ಪವರ್ ಸಪ್ಲೈನ ಬಿಡಿ ಕೇಬಲ್‌ಗಳನ್ನೂ ಬಳಸಬೇಡಿ.

ಗಾಳಿಯ ವಿಚಾರದಲ್ಲಿ ಒಂದು ವಿಚಿತ್ರವಿದೆ. ವಾಟರ್ ಕೂಲರ್ ಹಾಕಿದವರ ಪ್ರೊಸೆಸರ್ ತಂಪಾಗಿ, ವಿಆರ್‌ಎಂ ಮೊದಲಿಗಿಂತ ಬಿಸಿಯಾಗುವುದುಂಟು. ಮುಂಚೆ ಪ್ರೊಸೆಸರ್ ಮೇಲಿದ್ದ ಫ್ಯಾನ್ ಪಕ್ಕಕ್ಕೂ ಗಾಳಿ ಚೆಲ್ಲುತ್ತಿತ್ತು, ಈಗ ಅಲ್ಲಿ ಗಾಳಿಯೇ ಆಡುವುದಿಲ್ಲ. ವಿಆರ್‌ಎಂ ಕಡೆಗೆ ಮುಖ ಮಾಡಿದ ಒಂದು ಸಣ್ಣ ಫ್ಯಾನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ.

ಹೆಜ್ಜೆ 4: ಏನನ್ನೂ ಬದಲಿಸುವ ಮೊದಲು ಅಳೆಯಿರಿ

ಬಯೋಸನ್ನು ಹೊಸ ಆವೃತ್ತಿಗೆ ತನ್ನಿ, ಮೂಲ ಸೆಟ್ಟಿಂಗ್‌ಗೆ ಮರಳಿಸಿ. ಹೊಸ ಆವೃತ್ತಿಗೆ ಏಕಿಷ್ಟು ಒತ್ತು ಕೊಡುತ್ತೇನೆ ಎಂದರೆ, ವೋಲ್ಟೇಜಿನ ತಪ್ಪುಗಳು ಈಚಿನ ವರ್ಷಗಳಲ್ಲಿ ಪ್ರೊಸೆಸರ್‌ಗಳನ್ನೇ ಕೊಂದಿವೆ. 2023ರಲ್ಲಿ ರೈಜನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟುಹೋದಾಗ ಎಎಂಡಿ ಎಸ್‌ಓಸಿ ವೋಲ್ಟೇಜನ್ನು (ಕೋರ್‌ಗಳಿಗಲ್ಲದೆ ಮೆಮೊರಿ ಕಂಟ್ರೋಲರ್ ಮುಂತಾದ ಭಾಗಗಳಿಗೆ ಹೋಗುವುದು) 1.3 ವೋಲ್ಟ್‌ಗೆ ಸೀಮಿತಗೊಳಿಸಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾಗಿದ್ದಕ್ಕೆ ಅತಿಯಾದ ವೋಲ್ಟೇಜ್ ಕಾರಣವೆಂದು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್ (ಬಯೋಸ್ ಮೂಲಕ ಪ್ರೊಸೆಸರ್‌ಗೆ ಸೇರುವ ಒಳಸೂಚನೆಗಳು) ತಿದ್ದುಪಡಿಗಳನ್ನು ಹೊರತಂದಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಕಂಪನಿ ಹೇಳಿದ ಕಾರಣಗಳಲ್ಲಿ ಮದರ್‌ಬೋರ್ಡ್‌ಗಳ ವಿದ್ಯುತ್ ಸೆಟ್ಟಿಂಗ್‌ಗಳು ಮಿತಿ ಮೀರಿದ್ದೂ ಒಂದು. ಈ ಪೀಳಿಗೆಯ ಪ್ರೊಸೆಸರ್ ನಿಮ್ಮದಾಗಿದ್ದರೆ, ತಿದ್ದುಪಡಿ ಇಲ್ಲದ ಬಯೋಸ್‌ನಲ್ಲಿ ಓವರ್‌ಕ್ಲಾಕ್ ಮಾಡಲೇಬೇಡಿ. ಈಗಾಗಲೇ ಆಗಿರುವ ಹಾನಿಯನ್ನು ತಿದ್ದುಪಡಿ ಸರಿಪಡಿಸುವುದಿಲ್ಲ; ಅಂಥ ಪ್ರೊಸೆಸರನ್ನು ವಾರಂಟಿಗೆ ಕಳುಹಿಸಬೇಕು.

ಈಗ ಎಚ್‌ಡಬ್ಲ್ಯುಇನ್ಫೋ ತೆರೆದು ಸಿನೆಬೆಂಚ್ ಪರೀಕ್ಷೆಯನ್ನು 30 ನಿಮಿಷ ಓಡಿಸಿ. ಹತ್ತು ನಿಮಿಷ ಸಾಲದು. ಪ್ರೊಸೆಸರ್ ಕೆಲವೇ ನಿಮಿಷಗಳಲ್ಲಿ ತನ್ನ ಉಷ್ಣಾಂಶಕ್ಕೆ ಮುಟ್ಟುತ್ತದೆ, ವಿಆರ್‌ಎಂನ ಲೋಹ ನಿಧಾನವಾಗಿ ಕಾಯುತ್ತದೆ. ಐದು ಅಂಕಿಗಳನ್ನು ಬರೆದುಕೊಳ್ಳಿ: ಕೋಣೆಯ ಉಷ್ಣಾಂಶ, ಪ್ರೊಸೆಸರ್‌ನ ಉಷ್ಣಾಂಶ, ವಿಆರ್‌ಎಂ ಅಥವಾ ‘ವಿಆರ್ ಮಾಸ್’ ಎಂಬ ಸಾಲಿನ ಉಷ್ಣಾಂಶ, ಭಾರ ಇದ್ದಾಗಿನ ವೋಲ್ಟೇಜ್, ವ್ಯಾಟ್.

ಕಳೆದ ಬೇಸಿಗೆಯಲ್ಲಿ ನನ್ನ ಮೇಜಿನ ಮೇಲಿದ್ದ ಒಂದು ಅಗ್ಗದ ಬೋರ್ಡ್ ಹೀಗೆ ನಡೆದುಕೊಂಡಿತು. ಐದನೇ ನಿಮಿಷಕ್ಕೆ ವಿಆರ್‌ಎಂ 71, ಹದಿನೈದಕ್ಕೆ 94, ಇಪ್ಪತ್ತೆರಡಕ್ಕೆ 108. ಪ್ರೊಸೆಸರ್ ಮಾತ್ರ 76ರಲ್ಲೇ ನಿಂತಿತ್ತು. ಇಪ್ಪತ್ತಮೂರನೇ ನಿಮಿಷದಲ್ಲಿ ವೇಗದ ಸಾಲು 4.4 ಗಿಗಾಹರ್ಟ್ಸ್‌ನಿಂದ 0.5ಕ್ಕೆ ಬಿತ್ತು, ಎರಡು ಸೆಕೆಂಡಿಗೆ ಮೇಲೆದ್ದಿತು, ಮತ್ತೆ ಬಿತ್ತು. ಪ್ರೊಸೆಸರ್‌ನ ಉಷ್ಣಾಂಶವನ್ನಷ್ಟೇ ನೋಡುತ್ತಿದ್ದವರಿಗೆ ಕಾರಣವೇ ತಿಳಿಯುತ್ತಿರಲಿಲ್ಲ. ಹೀಟ್‌ಸಿಂಕ್ ಬಿಚ್ಚಿ ನೋಡಿದರೆ ಥರ್ಮಲ್ ಪ್ಯಾಡ್‌ನ (ಚಿಪ್‌ನಿಂದ ಲೋಹಕ್ಕೆ ಶಾಖ ದಾಟಿಸುವ ಮೆತ್ತನೆಯ ಹಾಳೆಯ) ಅಚ್ಚು ಅರ್ಧದಷ್ಟು ಮಾಸ್‌ಫೆಟ್‌ಗಳ ಮೇಲೆ ಮಾತ್ರ ಬಿದ್ದಿತ್ತು, ಉಳಿದವು ಲೋಹವನ್ನು ಮುಟ್ಟಿರಲೇ ಇಲ್ಲ. ಸರಿಯಾದ ದಪ್ಪದ ಪ್ಯಾಡ್ ಹಾಕಿದ ಮೇಲೆ ಅದೇ ಪರೀಕ್ಷೆಯಲ್ಲಿ 89 ದಾಟಲಿಲ್ಲ.

ಕೆಲವು ಬೋರ್ಡ್‌ಗಳಲ್ಲಿ ವಿಆರ್‌ಎಂ ಸೆನ್ಸರ್ ಇರುವುದಿಲ್ಲ. ಆಗ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಬಹುದು, ಆದರೆ ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಬಹಳ ಕಡಿಮೆ ತೋರಿಸುತ್ತದೆ. ಹೀಟ್‌ಸಿಂಕ್ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಸಣ್ಣ ಚೂರು ಅಂಟಿಸಿ, ಅದಕ್ಕೆ ಗುರಿ ಇಟ್ಟು ಅಳೆಯಿರಿ. ಒಳಗಿನ ಚಿಪ್ ಇದಕ್ಕಿಂತ ಬಿಸಿಯಾಗಿರುತ್ತದೆ ಎಂಬುದು ನೆನಪಿರಲಿ.

ಎಷ್ಟು ಬಿಸಿ ಸರಿ? ಮಾಸ್‌ಫೆಟ್‌ಗಳು 125 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ತಾಳುವಂತೆ ತಯಾರಾಗಿರುತ್ತವೆ. ಆದರೆ ಪಕ್ಕದ ಕೆಪಾಸಿಟರ್‌ಗಳ ಆಯಸ್ಸನ್ನು ಸಾಮಾನ್ಯವಾಗಿ 105 ಡಿಗ್ರಿಯಲ್ಲಿ ಇಷ್ಟು ಸಾವಿರ ಗಂಟೆ ಎಂದು ಹೇಳಿರುತ್ತಾರೆ. ಉಷ್ಣಾಂಶ ಇಳಿದಂತೆ ಅದು ವೇಗವಾಗಿ ಏರುತ್ತದೆ, ಪಾಲಿಮರ್ ಕೆಪಾಸಿಟರ್‌ಗಳಲ್ಲಿ 20 ಡಿಗ್ರಿ ಇಳಿದರೆ ಸುಮಾರು ಹತ್ತು ಪಟ್ಟು. ಕಠಿಣ ಪರೀಕ್ಷೆಯಲ್ಲಿ 90ರೊಳಗಿದ್ದರೆ ನಾನು ಮುಂದುವರಿಯುತ್ತೇನೆ. 90ರಿಂದ 100 ಇದ್ದರೆ ಮೊದಲು ಗಾಳಿ ಸರಿಪಡಿಸುತ್ತೇನೆ. ಮೂಲ ಸೆಟ್ಟಿಂಗ್‌ನಲ್ಲೇ 100 ದಾಟಿದರೆ ಆ ಬೋರ್ಡ್‌ನಲ್ಲಿ ಓವರ್‌ಕ್ಲಾಕ್ ಮಾಡುವುದಿಲ್ಲ.

ವಿಮರ್ಶೆಗಳಲ್ಲಿನ ಅಂಕಿಗಳನ್ನು ನಮ್ಮ ಹವೆಗೆ ಬದಲಿಸಿಕೊಳ್ಳಬೇಕು. 22 ಡಿಗ್ರಿಯ ಕೋಣೆಯಲ್ಲಿ 82 ತೋರಿಸಿದ ವಿಆರ್‌ಎಂ, ರಾಯಚೂರು ಅಥವಾ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯ ಕೋಣೆಯಲ್ಲಿ ಅದೇ ಭಾರಕ್ಕೆ 98ರ ಹತ್ತಿರ ಇರುತ್ತದೆ. ಕೋಣೆ ಏರಿದಷ್ಟು ಡಿಗ್ರಿ ಬೋರ್ಡ್ ಕೂಡ ಏರುತ್ತದೆ.

ಹೆಜ್ಜೆ 5: ಲೋಡ್‌ಲೈನ್ ಅರ್ಥಮಾಡಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಎರಡು ಸಲ ಓದುವುದಾದರೆ ಇದನ್ನು ಓದಿ.

ಬಯೋಸ್‌ನಲ್ಲಿ 1.35 ವೋಲ್ಟ್ ಇಟ್ಟಿರುತ್ತೀರಿ, ಭಾರ ಬಿದ್ದಾಗ ಅದು 1.20 ಆಗುತ್ತದೆ. ನೋಡಿದವರಿಗೆ ಬೋರ್ಡ್ ಮೋಸ ಮಾಡಿತೆನಿಸುತ್ತದೆ. ಹಾಗಲ್ಲ. ಕರೆಂಟ್ ಏರಿದಂತೆ ವೋಲ್ಟೇಜ್ ಇಳಿಯಲಿ ಎಂದು ವಿನ್ಯಾಸಕಾರರೇ ಇಟ್ಟಿರುವ ಇಳಿಜಾರು ಇದು. ಹೆಸರು ಲೋಡ್‌ಲೈನ್, ಅಳತೆ ಮಿಲಿಓಮ್‌ನಲ್ಲಿ. 1 ಮಿಲಿಓಮ್ ಲೋಡ್‌ಲೈನ್ ಇದ್ದು 150 ಆಂಪಿಯರ್ ಹರಿದರೆ 0.15 ವೋಲ್ಟ್ ಇಳಿಯುತ್ತದೆ. ಈ ಇಳಿಕೆಯನ್ನು ಕಡಿಮೆ ಮಾಡುವ ಸೆಟ್ಟಿಂಗ್‌ಗೆ ಲೋಡ್‌ಲೈನ್ ಕ್ಯಾಲಿಬ್ರೇಷನ್, ಚಿಕ್ಕದಾಗಿ ಎಲ್‌ಎಲ್‌ಸಿ, ಎನ್ನುತ್ತಾರೆ.

ಇಳಿಜಾರು ಏಕೆ ಬೇಕು ಎಂದು ನೋಡೋಣ. ಪ್ರೊಸೆಸರ್ 150 ಆಂಪಿಯರ್ ಎಳೆಯುತ್ತಿದೆ, ಕೆಲಸ ಮುಗಿಯಿತು, ಥಟ್ಟನೆ 10ಕ್ಕೆ ಇಳಿಯಿತು. ಚೋಕ್ ಬೀಸುಕಲ್ಲಿನಂತೆ ಇನ್ನೂ ತಿರುಗುತ್ತಲೇ ಇದೆ. ಅದು ತಳ್ಳುವ ಕರೆಂಟ್ ಹೋಗಲು ಜಾಗವಿಲ್ಲದೆ ಕೆಪಾಸಿಟರ್‌ಗಳಿಗೆ ತುಂಬುತ್ತದೆ, ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಭಾರದಲ್ಲಿದ್ದಾಗ ವೋಲ್ಟೇಜ್ 1.20 ಇದ್ದರೆ ಚಿಮ್ಮಲು ಜಾಗವಿದೆ, 1.35ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೀವು ಎಲ್‌ಎಲ್‌ಸಿಯನ್ನು ತುತ್ತತುದಿಗೆ ಏರಿಸಿ ಇಳಿಜಾರನ್ನೇ ಅಳಿಸಿಬಿಟ್ಟಿದ್ದರೆ? ಭಾರದಲ್ಲೂ 1.35 ಇರುತ್ತದೆ, ಚಿಮ್ಮುವುದು ಅಲ್ಲಿಂದ ಮೇಲಕ್ಕೆ. ಭಾರ ಮರಳಿ ಬಿದ್ದಾಗ ಇದರ ತಿರುಗುಮುರುಗು: ಕಲ್ಲು ತಿರುಗತೊಡಗುವಷ್ಟರಲ್ಲಿ ತೊಟ್ಟಿ ಖಾಲಿಯಾಗತೊಡಗುತ್ತದೆ, ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಕಂಪ್ಯೂಟರ್ ನಿಲ್ಲುವುದು ಆ ಕ್ಷಣದಲ್ಲಿ.

ಈ ಚಿಮ್ಮು–ಕುಸಿತಗಳು ನಡೆಯುವುದು ಮೈಕ್ರೋಸೆಕೆಂಡುಗಳಲ್ಲಿ. ಎಚ್‌ಡಬ್ಲ್ಯುಇನ್ಫೋ ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ಓದುತ್ತದೆ. ಪರದೆಯ ಮೇಲೆ ಗೆರೆ ಎಳೆದಂತೆ ನೇರವಾಗಿ ಕಾಣುವ ವೋಲ್ಟೇಜ್ ಒಳಗೆ ಹಾಗಿರುವುದಿಲ್ಲ. ಅದು ಕಾಣಬೇಕಾದರೆ ಆಸಿಲೋಸ್ಕೋಪ್ ಬೇಕು. ಆದ್ದರಿಂದ ನೇರ ಗೆರೆಗಾಗಿ ಹಂಬಲಿಸಬೇಡಿ, ಮಧ್ಯಮ ಎಲ್‌ಎಲ್‌ಸಿ ಇಡಿ.

ಮಧ್ಯಮ ಎಂದರೆ ಯಾವುದು ಎಂಬಲ್ಲಿ ಇನ್ನೊಂದು ಹೊಂಡವಿದೆ. ಆಸುಸ್ ಬೋರ್ಡ್‌ಗಳಲ್ಲಿ ಸಂಖ್ಯೆ ಏರಿದಷ್ಟೂ ಪರಿಣಾಮ ಬಲವಾಗುತ್ತದೆ. ಎಂಎಸ್‌ಐ ಮತ್ತು ಎಎಸ್‌ರಾಕ್ ಬೋರ್ಡ್‌ಗಳಲ್ಲಿ 1 ಎಂಬುದೇ ಅತಿ ಬಲವಾದದ್ದು. ಗಿಗಾಬೈಟ್ ಸಂಖ್ಯೆಯ ಬದಲು ಮೀಡಿಯಂ, ಹೈ, ಟರ್ಬೊ ಎಂಬ ಹೆಸರುಗಳನ್ನು ಬಳಸುತ್ತದೆ. ಗೆಳೆಯ ಹೇಳಿದ ‘ಲೆವೆಲ್ 2’ ಅನ್ನು ಬೇರೆ ಕಂಪನಿಯ ಬೋರ್ಡ್‌ಗೆ ಹಾಕಿದರೆ ಅಪಾಯ. ನೀವೇ ಅಳೆಯಿರಿ: ಮೂಲ ವೇಗದಲ್ಲಿ ಸಾಧಾರಣ ಸ್ಥಿರ ವೋಲ್ಟೇಜ್ ಇಟ್ಟು, ಭಾರವಿಲ್ಲದಾಗಿನ ಮತ್ತು ಭಾರವಿದ್ದಾಗಿನ ವೋಲ್ಟೇಜ್ ಬರೆದುಕೊಳ್ಳಿ. ಭಾರವಿಲ್ಲದೆ 1.25, ಕರೆಂಟ್ 100 ಆಂಪಿಯರ್ ಹೆಚ್ಚಿದಾಗ 1.17 ಎಂದಾದರೆ ಇಳಿಜಾರು 0.8 ಮಿಲಿಓಮ್. ಒಂದೊಂದೇ ಹಂತ ಬದಲಿಸಿ ಹೀಗೆ ಅಳೆದರೆ ಅರ್ಧ ಗಂಟೆಯಲ್ಲಿ ನಿಮ್ಮ ಬೋರ್ಡ್‌ನ ಸ್ವಭಾವ ಕಾಗದದ ಮೇಲಿರುತ್ತದೆ.

ಹೆಜ್ಜೆ 6: ಈಗ ಏರಿಸಿ

ಒಂದು ಸಲಕ್ಕೆ ಒಂದೇ ಬದಲಾವಣೆ. ವೇಗವನ್ನು 100 ಮೆಗಾಹರ್ಟ್ಸ್ ಏರಿಸಿ, ಹತ್ತು ನಿಮಿಷ ಪರೀಕ್ಷಿಸಿ, ಅಂಕಿ ಬರೆಯಿರಿ. ನಿಂತುಹೋದರೆ ವೋಲ್ಟೇಜನ್ನು 0.01ರಿಂದ 0.02 ವೋಲ್ಟ್ ಮಾತ್ರ ಏರಿಸಿ. ವೋಲ್ಟೇಜ್ ಏರಿಸಿದ ಪ್ರತಿ ಸಲವೂ ವಿಆರ್‌ಎಂ ಸಾಲನ್ನು ನೋಡಿ.

ರೈಜನ್ ಬಳಸುವವರಿಗೆ ನನ್ನ ಸಲಹೆ ಬೇರೆ. ಎಲ್ಲ ಕೋರ್‌ಗಳಿಗೂ ಒಂದೇ ಸ್ಥಿರ ವೇಗ ಕೊಡುವ ಬದಲು ಪಿಬಿಓ ಮತ್ತು ಕರ್ವ್ ಆಪ್ಟಿಮೈಸರ್ ಬಳಸಿ. ಪಿಬಿಓ ಎಂದರೆ ಒಂದನೇ ಹೆಜ್ಜೆಯ ಮೂರು ಮಿತಿಗಳನ್ನು ಸಡಿಲಿಸುವುದು. ಕರ್ವ್ ಆಪ್ಟಿಮೈಸರ್ ಎಂದರೆ ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಬಳಸುವಂತೆ ಮಾಡುವುದು. ಆದರೆ ಪಿಬಿಓದಲ್ಲಿ ‘ಮದರ್‌ಬೋರ್ಡ್ ಮಿತಿ’ ಎಂಬ ಆಯ್ಕೆಯನ್ನು ಒತ್ತಬೇಡಿ. ಆಗ ಮಿತಿಯನ್ನು ಬೋರ್ಡ್ ತಯಾರಕರು ನಿಶ್ಚಯಿಸುತ್ತಾರೆ, ಅದು ನಿಮ್ಮ ಕೋಣೆಯ ಸೆಕೆ ನೋಡಿ ನಿಶ್ಚಯಿಸಿದ್ದಲ್ಲ. ಮೂರೂ ಅಂಕಿಗಳನ್ನು ಕೈಯಾರೆ ಬರೆಯಿರಿ. 142 ವ್ಯಾಟ್‌ನಲ್ಲಿ ವಿಆರ್‌ಎಂ 75 ಡಿಗ್ರಿ ಇದ್ದರೆ 160ಕ್ಕೆ ಏರಿಸಿ ನೋಡಬಹುದು. 92 ಇದ್ದರೆ ಮುಟ್ಟಬೇಡಿ.

ಬಯೋಸ್‌ನ ಒಳಪುಟಗಳಲ್ಲಿ ಇನ್ನೆರಡು ಸೆಟ್ಟಿಂಗ್ ಸಿಗುತ್ತವೆ. ಸ್ವಿಚಿಂಗ್ ಫ್ರೀಕ್ವೆನ್ಸಿ ಏರಿಸಿದರೆ ವೋಲ್ಟೇಜ್ ನುಣುಪಾಗುತ್ತದೆ, ಪ್ರತಿ ಸಲ ಸ್ವಿಚ್ ತೆರೆದು ಮುಚ್ಚುವಾಗಿನ ನಷ್ಟವೂ ಏರುತ್ತದೆ. ಉತ್ತಮ ಹೀಟ್‌ಸಿಂಕ್ ಇಲ್ಲದಿದ್ದರೆ ಹಾಗೆಯೇ ಬಿಡಿ. ಕರೆಂಟ್ ಕೇಪಬಿಲಿಟಿ ಎಂಬುದನ್ನು 120, 130 ಎಂದು ಏರಿಸಿದರೆ ಬೋರ್ಡ್‌ನ ಶಕ್ತಿ ಹೆಚ್ಚುವುದಿಲ್ಲ, ಅತಿ ಕರೆಂಟ್ ಹರಿದಾಗ ತಡೆಯುವ ಕಾವಲನ್ನು ಅಷ್ಟು ದೂರ ಸರಿಸಿದಂತಾಗುತ್ತದೆ. ಸಾಧಾರಣ ಬೋರ್ಡ್‌ನಲ್ಲಿ ಇದನ್ನು ಬದಲಿಸುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಹೆಜ್ಜೆ 7: ಪರೀಕ್ಷಿಸಿ, ನಿಂತ ಬಗೆಯಿಂದ ಕಾರಣ ಗುರುತಿಸಿ

ಒಂದೇ ಬಗೆಯ ಪರೀಕ್ಷೆ ಸಾಲದು. ಪ್ರೈಮ್95 ಎಂಬ ತಂತ್ರಾಂಶದ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಒಂದೇ ಸಮನೆ ಭಾರ ಹೇರುತ್ತದೆ, ಶಾಖ ನೋಡಲು ಅದು ಬೇಕು. ಆದರೆ ವೋಲ್ಟೇಜಿನ ಚಿಮ್ಮು–ಕುಸಿತ ಪರೀಕ್ಷೆಯಾಗುವುದು ಭಾರ ಏರಿಳಿದಾಗ. ಓಸಿಸಿಟಿಯಲ್ಲಿ ಭಾರ ಬದಲಾಗುತ್ತಿರುವ ‘ವೇರಿಯಬಲ್’ ಆಯ್ಕೆ ಇದೆ, ಅದನ್ನು ಒಂದು ಗಂಟೆ ಓಡಿಸಿ. ಕರ್ವ್ ಆಪ್ಟಿಮೈಸರ್ ಬಳಸಿದವರು ಕೋರ್‌ಸೈಕ್ಲರ್ ಎಂಬ ತಂತ್ರಾಂಶ ಬಳಸಿ ಒಂದೊಂದು ಕೋರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಸೋತ ಬಗೆ ಬಹಳಷ್ಟು ಹೇಳುತ್ತದೆ. ಭಾರಿ ಕೆಲಸದ ನಡುವೆ ನೀಲಿ ಪರದೆಯೂ ಬಾರದೆ ದೀಪ ಆರಿಸಿದಂತೆ ಕಂಪ್ಯೂಟರ್ ಆರಿದರೆ, ಬೋರ್ಡ್‌ನ ಅಥವಾ ಪವರ್ ಸಪ್ಲೈನ ರಕ್ಷಣಾ ವ್ಯವಸ್ಥೆ ವಿದ್ಯುತ್ ಕಡಿತಗೊಳಿಸಿದೆ. ಕಾಲು ಗಂಟೆಯ ನಂತರ ವೇಗ ಗರಗಸದ ಹಲ್ಲಿನಂತೆ ಏರಿಳಿಯತೊಡಗಿದರೆ ವಿಆರ್‌ಎಂ ಕಾದಿದೆ. ಇಂಟೆಲ್‌ನಲ್ಲಾದರೆ ಎಚ್‌ಡಬ್ಲ್ಯುಇನ್ಫೋದ ‘ವಿಆರ್ ಥರ್ಮಲ್ ಅಲರ್ಟ್’ ಸಾಲಿನಲ್ಲಿ ‘ಯೆಸ್’ ಎಂದಿರುತ್ತದೆ. ಪ್ರೈಮ್95 ಗಂಟೆಗಟ್ಟಲೆ ಓಡಿ, ಆಟ ಆರಂಭವಾಗುವಾಗ ಅಥವಾ ಮುಚ್ಚುವಾಗ ನಿಂತರೆ ಎಲ್‌ಎಲ್‌ಸಿಯನ್ನು ಮೊದಲು ಅನುಮಾನಿಸಿ. ಸುಮ್ಮನಿದ್ದಾಗ ತಾನಾಗಿ ರೀಸ್ಟಾರ್ಟ್ ಆಗುವ ರೈಜನ್‌ನಲ್ಲಿ ಕರ್ವ್ ಆಪ್ಟಿಮೈಸರ್‌ನ ಅಂಕಿ ಅತಿಯಾಗಿರುವುದೇ ಹೆಚ್ಚು.

ಎಲ್ಲವನ್ನೂ ವಿಆರ್‌ಎಂ ತಲೆಗೆ ಕಟ್ಟುವುದೂ ತಪ್ಪು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ವೀಆ ಲಾಗರ್’ (WHEA-Logger) ಎಂಬ ದಾಖಲೆಗಳನ್ನು ಹುಡುಕಿ. ರೈಜನ್‌ನಲ್ಲಿ ಸಂಖ್ಯೆ 18 ಬಂದು ‘ಕ್ಯಾಶ್ ಹೈರಾರ್ಕಿ’ ಎಂದಿದ್ದರೆ ಸಾಮಾನ್ಯವಾಗಿ ಕೋರ್‌ಗೆ ವೋಲ್ಟೇಜ್ ಸಾಲದು. ಸಂಖ್ಯೆ 19 ಬಂದು ‘ಬಸ್ ಇಂಟರ್‌ಕನೆಕ್ಟ್’ ಎಂದಿದ್ದರೆ ರ್‍ಯಾಮ್‌ನ ವೇಗವನ್ನು ಇಳಿಸಿ ನೋಡಿ. ಅಲ್ಲಿ ಕೋರ್‌ನ ವೋಲ್ಟೇಜ್ ಏರಿಸಿದರೆ ಶಾಖ ಮಾತ್ರ ಹೆಚ್ಚುತ್ತದೆ.

ಹೆಜ್ಜೆ 8: ಉಳಿಸಿ, ಬೇಸಿಗೆಯಲ್ಲಿ ಮತ್ತೆ ಅಳೆಯಿರಿ

ಸ್ಥಿರವಾದ ಸೆಟ್ಟಿಂಗನ್ನು ಬಯೋಸ್ ಪ್ರೊಫೈಲ್ ಆಗಿ ಉಳಿಸಿ, ಅಂಕಿಗಳನ್ನು ಕಾಗದದ ಮೇಲೂ ಬರೆದಿಡಿ. ಬಯೋಸ್ ಅಪ್‌ಡೇಟ್ ಮಾಡಿದರೆ ಪ್ರೊಫೈಲ್ ಅಳಿಸಿಹೋಗುವುದುಂಟು. ಹೊಸ ಆವೃತ್ತಿಯಲ್ಲಿ ಎಲ್‌ಎಲ್‌ಸಿಯ ನಡವಳಿಕೆ ಬದಲಾಗಿರಲೂಬಹುದು. ಆದ್ದರಿಂದ ಹಳೆಯ ಅಂಕಿಗಳನ್ನು ಕಣ್ಣುಮುಚ್ಚಿ ತುಂಬದೆ ಐದನೇ ಹೆಜ್ಜೆಯ ಅಳತೆಯನ್ನು ಮತ್ತೊಮ್ಮೆ ಮಾಡಿ.

ಡಿಸೆಂಬರ್‌ನಲ್ಲಿ ಗೆದ್ದ ಓವರ್‌ಕ್ಲಾಕ್ ಏಪ್ರಿಲ್‌ನಲ್ಲಿ ಸೋಲಬಹುದು. ಬೇಸಿಗೆ ಕಾಲಿಟ್ಟಾಗ ಹೀಟ್‌ಸಿಂಕ್‌ನ ಸೀಳುಗಳಲ್ಲಿನ ಧೂಳು ತೆಗೆದು, ಮಧ್ಯಾಹ್ನದ ಹೊತ್ತಿನಲ್ಲಿ ಅದೇ 30 ನಿಮಿಷದ ಪರೀಕ್ಷೆ ನಡೆಸಿ. ವಿಆರ್‌ಎಂ 95 ದಾಟಿದರೆ ವೇಗವನ್ನು 100 ಮೆಗಾಹರ್ಟ್ಸ್ ಇಳಿಸಿ, ಅದಕ್ಕೆ ತಕ್ಕಷ್ಟು ವೋಲ್ಟೇಜನ್ನೂ ಇಳಿಸಿ, ಅದನ್ನು ‘ಬೇಸಿಗೆ’ ಎಂಬ ಹೆಸರಿನಲ್ಲಿ ಎರಡನೇ ಪ್ರೊಫೈಲ್ ಆಗಿ ಉಳಿಸಿಕೊಳ್ಳಿ.